ಹೊನ್ನಾವರದ ಅಪ್ಸರಕೊಂಡಕ್ಕೆ ಒಂಬತ್ತನೆಯ ತರಗತಿಯ ಪ್ರವಾಸ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಬರುವ ಡಿಸೆಂಬರ್ ಮೂರನೆಯ ವಾರದಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯ ಗದ್ದಲ ಆರಂಭವಾಗುವುದಕ್ಕೆ ಮುನ್ನ, ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡಕ್ಕೆ ಕರೆದೊಯ್ಯಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತೀರ್ಮಾನವಾಗಿದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿಯೂ ದೊರೆತಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ತಾವು ಈ ಪತ್ರವನ್ನು ಪೂರ್ತಿ ಓದಬೇಕೆಂದು, ಓದಲು ಬಾರದ ಹಿರಿಯರು ಮಗ ಅಥವಾ ಮಗಳಿಂದ ಓದಿಸಿ ಕೇಳಬೇಕೆಂದು ಕೋರುತ್ತೇನೆ.

ಅಪ್ಸರಕೊಂಡವು ಹೊನ್ನಾವರ ಪಟ್ಟಣದ ದಕ್ಷಿಣಕ್ಕೆ, ಕಾಸರಕೋಡಿನ ಸಮೀಪ, ಕಡಲಿಗೆ ಮುಖ ಮಾಡಿ ನಿಂತಿರುವ ಗುಡ್ಡ. ನೆತ್ತಿಯ ಮೇಲೆ ಅರಣ್ಯ ಇಲಾಖೆಯ ಉದ್ಯಾನವಿದೆ, ಕೆಳಗೆ ಸಣ್ಣದೊಂದು ಜಲಪಾತವಿದೆ, ಎದುರಿಗೆ ಅರಬ್ಬೀ ಸಮುದ್ರ. ಇಲ್ಲಿಂದ ಮುಗಳಿಯವರೆಗಿನ ತೀರ ಮತ್ತು ಕಡಲನ್ನು ಸರ್ಕಾರವು ವನ್ಯಜೀವಿಧಾಮವನ್ನಾಗಿ ಕಾಪಾಡುತ್ತಿದ್ದು, ನಮ್ಮ ರಾಜ್ಯದಲ್ಲಿ ಸಮುದ್ರಕ್ಕೆ ಇಂಥ ರಕ್ಷಣೆ ದೊರೆತದ್ದು ಇದೇ ಮೊದಲು. ಕಡಲಾಮೆಗಳು ಈ ಭಾಗದ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದು ಈ ತೀರದ ಹಕ್ಕಿ. ಗುಡ್ಡದ ಮೇಲೆ ತಾಳ್ಮೆಯಿಂದ ನಿಂತರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ ಇದೆ.

ಈ ಸ್ಥಳವನ್ನೇ ಆರಿಸಿದ್ದಕ್ಕೆ ಪಾಠದ ಕಾರಣವೂ ಇದೆ. ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಒಟ್ಟು 128 ಕಿಲೋಮೀಟರ್ ಹರಿಯುವಷ್ಟರಲ್ಲಿ ಹೊನ್ನಾವರದ ಬಳಿ ಕಡಲನ್ನು ಸೇರಿಬಿಡುತ್ತದೆ. ಅದೇ ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಮೂಡಣಕ್ಕೆ ತಿರುಗಿ, ನಮ್ಮ ಮುನಿರಾಬಾದಿನ ಅಣೆಕಟ್ಟೆಯಲ್ಲಿ ನಿಂತು, ಗಂಗಾವತಿಯ ಭತ್ತದ ಗದ್ದೆಗಳಿಗೆ ನೀರುಣಿಸಿ, ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಯನ್ನು ತಲುಪಬೇಕು. ಒಂದೇ ಘಟ್ಟದ ನೀರು ಹೀಗೆ ಎರಡು ದಿಕ್ಕಿಗೆ ಹೋಗುವುದನ್ನು ನಕಾಶೆಯಲ್ಲಿ ಎಷ್ಟು ಸಲ ತೋರಿಸಿದರೂ ನೆಲದ ಮೇಲೆ ಕಂಡಂತೆ ಆಗುವುದಿಲ್ಲ. ಕಲ್ಲಿನ ವಿಷಯವೂ ಹಾಗೆಯೇ. ನಮ್ಮ ಪಾಲ್ಕಿಗುಂಡು ಬೆಟ್ಟದ ಗ್ರಾನೈಟ್ ಬಂಡೆಗಳನ್ನು ದಿನವೂ ನೋಡುವ ಮಕ್ಕಳು ಅಲ್ಲಿ ರಂಧ್ರಗಳಿಂದ ತುಂಬಿದ, ಕೆಂಪು ಬಣ್ಣದ ಜಂಬಿಟ್ಟಿಗೆ ಕಲ್ಲನ್ನು ಮುಟ್ಟಿ ನೋಡಲಿದ್ದಾರೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಅಲ್ಲಿ 3,000 ಮಿಲಿಮೀಟರ್ ಮೀರುತ್ತದೆ. ಆ ಮಳೆಯು ಲಕ್ಷಾಂತರ ವರ್ಷ ಕಲ್ಲಿನೊಳಗಿನ ಕರಗುವ ಅಂಶಗಳನ್ನೆಲ್ಲ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳನ್ನು ಉಳಿಸಿದ್ದರಿಂದ ಜಂಬಿಟ್ಟಿಗೆ ಉಂಟಾಗಿದೆ. ಮಧ್ಯಾಹ್ನದ ನಂತರ ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಕಟ್ಟಿರುವ ಮರದ ಹಾದಿಯಲ್ಲಿ ನಡೆದು, ಕೆಸರಿನಿಂದ ಮೇಲೆದ್ದು ಗಾಳಿ ಹೀರುವ ಬೇರುಗಳನ್ನು ನೋಡುತ್ತೇವೆ.

ಇನ್ನು ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರವಾಸದ ಯಾವ ಹಂತದಲ್ಲಿಯೂ ಯಾವ ಮಗುವೂ ಸಮುದ್ರಕ್ಕೆ ಇಳಿಯುವುದಿಲ್ಲ. ಕಾಲು ತೋಯಿಸುವಷ್ಟಕ್ಕೂ ಅವಕಾಶವಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಸುದ್ದಿಯನ್ನು ತಾವೆಲ್ಲ ಕೇಳಿದ್ದೀರಿ. ನಮ್ಮ ಮಕ್ಕಳಲ್ಲಿ ಹಲವರು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜು ಕಲಿತವರು, ಅದೇ ಧೈರ್ಯ ಕಡಲಿನಲ್ಲಿ ಅಪಾಯ ತರುತ್ತದೆ. ಕಾಲುವೆಯ ನೀರು ದಂಡೆಯ ಗುಂಟ ಹರಿಯುವುದರಿಂದ ಈಜುಗಾರನಿಗೆ ದಂಡೆ ಎಂದೂ ದೂರವಾಗುವುದಿಲ್ಲ. ಕಡಲಿನಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರು ಕಿರಿದಾದ ಜಾಡು ಹಿಡಿದು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಆ ಜಾಡಿನಲ್ಲಿ ಅಲೆ ಕಡಿಮೆ ಇರುವುದರಿಂದ ಮೇಲ್ನೋಟಕ್ಕೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ, ಇಳಿದವರನ್ನು ಅದೇ ಒಳಕ್ಕೆ ಸೆಳೆಯುತ್ತದೆ. ಆದುದರಿಂದಲೇ ಮರಳ ದಂಡೆಯ ಬದಲು ಗುಡ್ಡವನ್ನು ಆರಿಸಿದೆವು. ಎತ್ತರದಿಂದ ಅಲೆಗಳ ಸಾಲು, ಸೆಳೆತದ ಜಾಡು, ಭರತ ಇಳಿತಗಳ ಗುರುತು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಬೇಲಿ ದಾಟುವುದಕ್ಕೂ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೂ ಬಿಡುವುದಿಲ್ಲ. ಹತ್ತು ಮಕ್ಕಳಿಗೆ ಒಬ್ಬರಂತೆ ಶಿಕ್ಷಕರು ಇರುತ್ತಾರೆ, ವಿದ್ಯಾರ್ಥಿನಿಯರ ಜೊತೆ ಶಿಕ್ಷಕಿಯರು ಇರುತ್ತಾರೆ. ಇಷ್ಟಾದರೂ ಮನೆಯಲ್ಲಿ ತಾವು ಹೇಳುವ ಒಂದು ಮಾತಿಗೆ ಇರುವ ಬಲ ನಮ್ಮ ಆಜ್ಞೆಗೆ ಇರುವುದಿಲ್ಲ. ಹೊರಡುವ ಹಿಂದಿನ ದಿನ ತಂದೆ ತಾಯಿ ಇಬ್ಬರೂ ಮಗುವನ್ನು ಎದುರಿಗೆ ಕೂರಿಸಿಕೊಂಡು ಈ ನಿಯಮವನ್ನು ತಿಳಿಸಿ ಹೇಳಬೇಕು. ಇದನ್ನು ಒಪ್ಪಲಾಗದಿದ್ದರೆ ದಯವಿಟ್ಟು ಮಗುವನ್ನು ಕಳುಹಿಸಬೇಡಿ.

ಮುರುಡೇಶ್ವರ, ಗೋಕರ್ಣಗಳ ದರ್ಶನವನ್ನೂ ಸೇರಿಸಿ ಎಂದು ಕೆಲವರು ಕೇಳಿದ್ದೀರಿ. ತಮ್ಮ ಭಕ್ತಿಯ ಬಗ್ಗೆ ಗೌರವವಿದೆ. ಆದರೆ ನಾಲ್ಕು ಊರು ಸುತ್ತಿದರೆ ಮಕ್ಕಳು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ.

ರಾತ್ರಿ ಪ್ರಯಾಣ ಇರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಶಾಲೆಯಿಂದ ಸಾರಿಗೆ ನಿಗಮದ ಬಸ್ಸಿನಲ್ಲಿ ಹೊರಟು, ಹುಬ್ಬಳ್ಳಿ, ಯಲ್ಲಾಪುರಗಳ ಮೇಲೆ ಅರಬೈಲ್ ಘಟ್ಟ ಇಳಿದು, ಸಂಜೆಗೆ ಹೊನ್ನಾವರ ಸೇರುತ್ತೇವೆ. ಶನಿವಾರ ಇಡೀ ದಿನ ಅಪ್ಸರಕೊಂಡ ಮತ್ತು ಕಾಂಡ್ಲಾ ಕಾಡು, ಭಾನುವಾರ ವಾಪಸ್. ಘಟ್ಟದ ತಿರುವುಗಳಲ್ಲಿ ವಾಂತಿಯಾಗುವ ಮಕ್ಕಳ ವಿಷಯವನ್ನು, ಹಾಗೆಯೇ ಉಬ್ಬಸ, ಮೂರ್ಛೆ ಮುಂತಾದ ತೊಂದರೆಗಳಿದ್ದರೆ ಅವನ್ನೂ ಮುಚ್ಚಿಡದೆ ಬರೆದು ತಿಳಿಸಿ. ಮೊದಲ ದಿನದ ಬುತ್ತಿಯನ್ನು ಮನೆಯಿಂದ ಕೊಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲವಾದ್ದರಿಂದ ಅವೇ ಉತ್ತಮ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬಟ್ಟೆಯಲ್ಲಿ ಕಟ್ಟಿ. ಚಿಪ್ಪು, ಶಂಖಗಳನ್ನು ತರಲು ಮಕ್ಕಳಿಗೆ ಹೇಳಬಾರದೆಂದೂ ವಿನಂತಿ, ಏಕೆಂದರೆ ಖಾಲಿ ಶಂಖದೊಳಗೆ ವಾಸಿಸುವ ಏಡಿಗಳಿಗೆ ಅದೇ ಮನೆ.

ಹೆಣ್ಣುಮಕ್ಕಳ ಪೋಷಕರಲ್ಲಿ ನನ್ನದೊಂದು ವಿಶೇಷ ಕೋರಿಕೆ. ಹತ್ತಿ ಬಿಡಿಸುವ ಕೆಲಸವಿದೆ, ಅಷ್ಟು ದೂರ ಕಳುಹಿಸುವುದು ಹೇಗೆ ಎಂಬ ಮಾತು ಈಗಾಗಲೇ ನನ್ನ ಕಿವಿಗೆ ಬಿದ್ದಿದೆ. ತರಗತಿಯಲ್ಲಿ ಭೂಗೋಳವನ್ನು ಅತ್ಯಂತ ಆಸಕ್ತಿಯಿಂದ ಕೇಳುವವರಲ್ಲಿ ಹೆಚ್ಚಿನವರು ಹುಡುಗಿಯರೇ. ಅವರನ್ನು ಮನೆಯಲ್ಲಿ ಉಳಿಸಿ ಹುಡುಗರನ್ನಷ್ಟೇ ಕರೆದೊಯ್ಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಂದೇಹವಿದ್ದವರ ಮನೆಗೆ ನಮ್ಮ ಶಿಕ್ಷಕಿಯರೊಂದಿಗೆ ನಾನೇ ಬಂದು ಮಾತನಾಡುತ್ತೇನೆ.

ತಲಾ 1,400 ರೂಪಾಯಿ ವೆಚ್ಚವನ್ನು ಎರಡು ಕಂತುಗಳಲ್ಲಿ ಕಟ್ಟಬಹುದು. ಕಟ್ಟಲಾಗದವರು ನನ್ನನ್ನು ನೇರವಾಗಿ ಕಾಣಿರಿ, ಆ ಮಾತು ನಮ್ಮಿಬ್ಬರ ನಡುವೆಯೇ ಇರುತ್ತದೆ, ಮಗು ಪ್ರವಾಸದಿಂದ ಹೊರಗುಳಿಯುವುದಿಲ್ಲ. ಈ ಪತ್ರದ ಕೆಳಗಿರುವ ಒಪ್ಪಿಗೆ ಭಾಗವನ್ನು ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ ನವೆಂಬರ್ 30ರೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಪ್ರಶ್ನೆಗಳಿದ್ದಲ್ಲಿ ಡಿಸೆಂಬರ್ ಮೊದಲ ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ನಡೆಯುವ ಪೋಷಕರ ಸಭೆಗೆ ತಪ್ಪದೆ ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಸರ್ಕಾರಿ ಪ್ರೌಢಶಾಲೆ, ಕೊಪ್ಪಳ ತಾಲ್ಲೂಕು