ಲೆನಿನ್ ಶಿಖರದ ಎಂಟು ಹೆಂಗಸರು: ಮಗಳಿಗೊಂದು ಪತ್ರ

ಚಿ. ಕು. ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸೆಮಿನಾರಿಗೆ ಅಮೆರಿಕದ ಕವಯಿತ್ರಿ ಏಡ್ರಿಯನ್ ರಿಚ್ ಅವರ ‘ಫ್ಯಾಂಟೇಸಿಯಾ ಫಾರ್ ಎಲ್ವಿರಾ ಶತಾಯೆವ್’ ಕವಿತೆ ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಆದರೆ ನೀನು ಕಳಿಸಿದ ಕರಡಿನಲ್ಲಿ ‘ಸಾವನ್ನೇ ಗೆದ್ದ ಪ್ರೀತಿ’ ಅಂತ ಒಂದು ಮಾತಿದೆಯಲ್ಲ, ಅದನ್ನು ಹೊಡೆದುಹಾಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ನಡೆದದ್ದನ್ನು ಸರಿಯಾಗಿ ತಿಳಿದುಕೋ. ಲೆನಿನ್ ಶಿಖರ 7134 ಮೀಟರ್ ಎತ್ತರ. ಈಗಿನ ಕಿರ್ಗಿಸ್ತಾನ ಮತ್ತು ತಜಿಕಿಸ್ತಾನದ ಗಡಿಯಲ್ಲಿದೆ, ಆಗ ಅದೆಲ್ಲ ಸೋವಿಯತ್ ನೆಲ. 1974ರ ಆಗಸ್ಟ್‌ನಲ್ಲಿ ಎಲ್ವಿರಾ ಶತಾಯೆವಾ ಮುಂದಾಳತ್ವದಲ್ಲಿ ಎಂಟು ಹೆಂಗಸರು ಬೆಟ್ಟದ ಒಂದು ಏಣು (ಚೂಪಾದ ದಿಬ್ಬದ ಸಾಲು) ಹಿಡಿದು ಹತ್ತಿ, ತುದಿ ದಾಟಿ, ಇನ್ನೊಂದು ಬದಿಯಿಂದ ಇಳಿಯಲು ಹೊರಟರು. ಎಲ್ವಿರಾ ಹೊಸಬಳಲ್ಲ, 1972ರಲ್ಲೇ ಮಹಿಳಾ ತಂಡದೊಂದಿಗೆ 7105 ಮೀಟರಿನ ಕೊರ್ಝೆನೆವ್‌ಸ್ಕಾಯಾ ಶಿಖರ ಹತ್ತಿದ್ದವಳು. ತುದಿ ತಲುಪಿದ ಮೇಲೆ ಬಿರುಗಾಳಿ ಹಿಡಿಯಿತು. ಅವರ ಡೇರೆಗಳಿಗೆ ಜಿಪ್ ಇರಲಿಲ್ಲ, ಬಾಗಿಲನ್ನು ಗುಂಡಿಗಳಿಂದ ಬಿಗಿಯಬೇಕಿತ್ತು. ಗಾಳಿಗೆ ಡೇರೆ ಹರಿದುಹೋಯಿತು, ಸಾಮಾನು ಹಾರಿಹೋಯಿತು. ಅವರು ಒಬ್ಬೊಬ್ಬರಾಗಿ ಸಾಯುತ್ತಿರುವುದನ್ನು ಕೆಳಗಿನವರು ರೇಡಿಯೋದಲ್ಲಿ ಕೇಳಬೇಕಾಯಿತು. ಆಗಸ್ಟ್ 7ರಂದು ದನಿ ನಿಂತಿತು. ಆಮೇಲೆ ಎಲ್ವಿರಾಳ ಗಂಡ ವ್ಲಾದಿಮಿರ್, ಅವರೂ ಪರ್ವತಾರೋಹಿಯೇ, ಮೇಲೆ ಹೋಗಿ ಶವಗಳನ್ನು ಹಿಮದಲ್ಲಿ ಹೂತು ಬಂದರು. ರಿಚ್ ಅದೇ ವರ್ಷ ಈ ಕವಿತೆ ಬರೆದರು.

ಈಗ ಕವಿತೆಯ ಆರಂಭ ನೋಡು. ಅಲ್ಲಿ ಮಾತಾಡುವವಳು ಸತ್ತ ಎಲ್ವಿರಾಳೇ. ರಕ್ತವೇ ತಣ್ಣಗಾಗುವ ತನಕ ಚಳಿ ಚಳಿಯೆನಿಸಿತು, ಆಮೇಲೆ ಗಾಳಿ ಇಳಿಯಿತು, ನಾವು ಮಲಗಿದೆವು ಎನ್ನುತ್ತಾಳೆ ಅವಳು. ಇದನ್ನು ಅಲಂಕಾರವೆಂದು ತಿಳಿದು ಮುಂದೆ ಹೋಗಬೇಡ. ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಮೈ ಗಡಗಡ ನಡುಗುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. 30ರ ಆಸುಪಾಸಿಗೆ ಬಂದರೆ ನಡುಕವೇ ನಿಲ್ಲುತ್ತದೆ. ಚಳಿಯ ಅರಿವು ಹೋಗಿ ಕೆಲವರು ಬಟ್ಟೆಯನ್ನೇ ಕಳಚುವುದೂ ಉಂಟು. ಆಮೇಲೆ ಮಂಪರು. ಏಳು ಸಾವಿರ ಮೀಟರಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ಅಲ್ಲಿ ಸ್ಟವ್ ಹೋಯಿತೆಂದರೆ ಹಿಮ ಕರಗಿಸಲು ಆಗುವುದಿಲ್ಲ, ಅಂದರೆ ಕುಡಿಯಲು ನೀರೇ ಇಲ್ಲ. ರಕ್ತ ಮಂದವಾಗಿ ಬೆರಳ ತುದಿಗೆ ಹೋಗುವುದಿಲ್ಲ. ಕೈಗವಸು ಹೋಯಿತೆಂದರೆ ಗಂಟು ಹಾಕಲೂ ಬೆರಳು ಬಗ್ಗುವುದಿಲ್ಲ. ಮುಂದೆ ಒಂದು ಕಡೆ, ಗಾಳಿ ಬಡಿದು ಡಾಂಬರಿನಂತೆ ಗಟ್ಟಿಯಾದ ಹಿಮ ತಾನೇ ಆಗಿದ್ದೇನೆ ಎನ್ನುತ್ತಾಳೆ. ಅಂಥ ಹಿಮದಲ್ಲಿ ಗವಿ ತೋಡಿಕೊಂಡು ಬದುಕುವುದು ಬಲು ಕಷ್ಟ. ಕವಿ ಎಷ್ಟು ಖಚಿತವಾಗಿ ಬರೆದಿದ್ದಾರೆ ಎಂಬುದು ಇಷ್ಟು ತಿಳಿದ ಮೇಲೆಯೇ ಕಾಣುವುದು.

ಗಟ್ಟಿಯಾಗಿ ಓದುವುದನ್ನು ಅಭ್ಯಾಸ ಮಾಡು. ಸಾಲುಗಳ ನಡುವೆ ಬಿಟ್ಟ ಖಾಲಿ ಜಾಗಗಳನ್ನು ಕಂಡೆಯಲ್ಲ; ಅಲ್ಪವಿರಾಮ, ಪೂರ್ಣವಿರಾಮಗಳ ಕೆಲಸವನ್ನು ಬಹುಮಟ್ಟಿಗೆ ಅವೇ ಮಾಡುತ್ತವೆ. ಅಲ್ಲಿ ಒಂದು ಉಸಿರು ನಿಲ್ಲು. ಸಾಲು ಮುಗಿದಾಗ ದನಿ ಇಳಿಸಬೇಡ, ಅರ್ಥ ಮುಂದಿನ ಸಾಲಿಗೆ ಹರಿಯುತ್ತಿರುತ್ತದೆ. ಗದ್ಯದಂತೆ ಒಂದೇ ಸಮನೆ ಓದಿಬಿಟ್ಟರೆ ಆ ಎತ್ತರದಲ್ಲಿ ಒಂದೊಂದು ಹೆಜ್ಜೆಗೂ ನಿಂತು ಉಸಿರೆಳೆಯುವ ದೇಹ ಕವಿತೆಯಿಂದ ಮಾಯವಾಗುತ್ತದೆ. ಆಮೇಲೆ ಮೂರು ಬಣ್ಣದ ಪೆನ್ಸಿಲ್ ಹಿಡಿದು ‘ನಾನು’, ‘ನಾವು’, ‘ನೀನು’ ಎಲ್ಲೆಲ್ಲಿವೆ ಗುರುತು ಮಾಡು. ‘ನೀನು’ ಎಂದರೆ ಹುಡುಕಿಕೊಂಡು ಹತ್ತಿ ಬರುತ್ತಿರುವ ಗಂಡ. ಅವನ ಪ್ರೀತಿಯನ್ನು ಅವಳು ಅಲ್ಲಗಳೆಯುವುದಿಲ್ಲ. ಆದರೆ ಅವನು ಹೇಳುವ ಕಥೆಯೊಂದಿಗೆ ತಮ್ಮ ಕಥೆ ಮುಗಿಯುವುದಿಲ್ಲ ಎನ್ನುತ್ತಾಳೆ. ಅವಳ ದಿನಚರಿಯ ಪ್ರಸ್ತಾಪ ಮೂರು ಕಡೆ ಬರುತ್ತದೆ: ಹೊರಡುವ ಸಿದ್ಧತೆ, ಡೇರೆ ಹರಿಯುವ ಹೊತ್ತು, ಕೊನೆಗೆ ಬೆರಳುಗಳಿಂದ ಕಿತ್ತುಹೋದ ದಿನಚರಿ. ಅದನ್ನು ಚಾರಿತ್ರಿಕ ದಾಖಲೆ ಎಂದು ಉದ್ಧರಿಸಬೇಡ, ಅದು ಕಾವ್ಯದ ದಿನಚರಿ.

ಪ್ರೀತಿಯ ವಿಷಯಕ್ಕೆ ಬಂದರೆ, ನಿನ್ನ ಪ್ರಬಂಧದ ಹೆಚ್ಚಿನ ಪುಟಗಳನ್ನು ಬಿರುಗಾಳಿಗಲ್ಲ, ಅದಕ್ಕೂ ಹಿಂದಿನ ದಿನಗಳ ಸಾಲುಗಳಿಗೆ ಕೊಡು. ಕಿಟಕಿಯ ಬಳಿ ನಿಂತಾಗ, ರೈಲಿಗೆ ಕಾಯುವಾಗ, ಬೆನ್ನುಚೀಲ ಹೊಲಿಯುವಾಗ, ತಲೆ ಬಾಚುವಾಗ ಒಬ್ಬೊಬ್ಬಳೊಳಗೂ ಒಂದು ಒಪ್ಪಿಗೆ ವರ್ಷಗಟ್ಟಲೆ ಬೆಳೆಯಿತು ಎನ್ನುವ ಸಾಲುಗಳವು. ಕವಿತೆಯ ಜೀವ ಇರುವುದು ಅಲ್ಲಿ. ಒಬ್ಬಳ ಶಕ್ತಿಯನ್ನು ಉಳಿದವರು ಪಡೆದು, ಹಂಚಿಕೊಂಡು, ಮತ್ತೆ ಅವಳಿಗೇ ಕೊಡುವುದನ್ನು ರಿಚ್ ಪ್ರೀತಿ ಎನ್ನುತ್ತಾರೆ. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವವರಿಗೆ ಇದು ಬರೀ ಮಾತಲ್ಲ: ನಿಧಾನವಾಗಿರುವವಳ ನಡಿಗೆಯೇ ಎಲ್ಲರ ನಡಿಗೆ, ಒಬ್ಬಳು ಜಾರಿದರೆ ಉಳಿದವರು ಐಸ್ ಆಕ್ಸ್ (ಹಿಮಗೊಡಲಿ) ನೆಟ್ಟು ತಡೆಯಬೇಕು. ಕೆಳಗೆ, ಬೇರೆ ಬೇರೆಯಾಗಿ ಬದುಕುತ್ತಿದ್ದಾಗಲೂ ನಾವು ಅಪಾಯದಲ್ಲೇ ಇದ್ದೆವು ಎಂಬ ಮಾತನ್ನು ಇದರ ಜೊತೆಗಿಟ್ಟು ಓದು.

ಆ ‘ಸಾವನ್ನೇ ಗೆದ್ದ’ ಮಾತು ಬೇಡ, ಸಾವನ್ನು ವೈಭವೀಕರಿಸಬೇಡ ಎನ್ನುವುದು ಇದಕ್ಕೇ. ತಾವು ಆರಿಸಿಕೊಂಡದ್ದು ತಮ್ಮನ್ನು, ಪರಸ್ಪರರನ್ನು, ಈ ಬದುಕನ್ನು ಎಂದು ಆ ಸತ್ತವರೇ ಹೇಳುತ್ತಾರೆ. ತಂಡದಲ್ಲಿ ಕಾಯಿಲೆ ಬಿದ್ದವರಿದ್ದರು. ಆ ಎತ್ತರದಲ್ಲಿ ಒಬ್ಬರನ್ನು ಹೊತ್ತಿಳಿಸಲು ದಣಿಯದ ಅನೇಕ ಕೈಗಳು ಬೇಕು, ಅಲ್ಲಿ ಅಂಥವರು ಯಾರೂ ಉಳಿದಿರಲಿಲ್ಲ. ‘ಗಂಡಸರಿಲ್ಲದೆ ಹೋದದ್ದೇ ತಪ್ಪು’ ಎಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಡೇರೆಯ ಗುಂಡಿ, ಗಾಳಿ, ಸ್ಟವ್ ಇವನ್ನೇ ಮುಂದಿಡು. ಗಾಳಿ ಹೆಂಗಸರ ಡೇರೆ ಯಾವುದು, ಗಂಡಸರ ಡೇರೆ ಯಾವುದು ಎಂದು ನೋಡುವುದಿಲ್ಲ.

ಹೋಲಿಕೆ ಬೇಕಿದ್ದರೆ ಹಿಮಾಲಯದ ಚೊ ಓಯು ಶಿಖರಕ್ಕೆ 1959ರಲ್ಲಿ ಹೊರಟ ಮಹಿಳಾ ಯಾತ್ರೆಯನ್ನು ತೆಗೆದುಕೋ. ಡಾರ್ಜಿಲಿಂಗಿನ ತೇನ್‌ಸಿಂಗರ ಇಬ್ಬರು ಹೆಣ್ಣುಮಕ್ಕಳೂ ಆ ತಂಡದಲ್ಲಿದ್ದರು. ನಾಯಕಿ ಕ್ಲೋದ್ ಕೊಗಾನ್, ಅವರೊಡನೆ ಹತ್ತುತ್ತಿದ್ದ ತಂಡದ ಇನ್ನೊಬ್ಬ ಹೆಂಗಸು, ಜೊತೆಗೆ ಇಬ್ಬರು ಶೆರ್ಪಾಗಳು ತೀರಿಕೊಂಡರು. ಒಗ್ಗಟ್ಟಿನ ಬಗ್ಗೆ ಬರೆಯುವಾಗ ಶೆರ್ಪಾಗಳನ್ನು ಬಿಡಬಾರದು.

ಇನ್ನೊಂದು ಕೆಲಸ. ಕವಿತೆಯ ಶೀರ್ಷಿಕೆಯಲ್ಲಿ ಒಬ್ಬಳ ಹೆಸರಷ್ಟೇ ಇದೆ. ನೀನು ಹಂಚುವ ಹಾಳೆಯ ಮೇಲ್ಗಡೆ ಎಲ್ವಿರಾ ಜೊತೆಗೆ ಉಳಿದ ಏಳು ಹೆಸರುಗಳನ್ನೂ ಅಚ್ಚು ಹಾಕಿಸು: ನೀನಾ ವಸಿಲ್ಯೆವಾ, ವಲೆಂತೀನಾ ಫತೆಯೆವಾ, ಇರೀನಾ ಲ್ಯುಬಿಮ್ತ್ಸೆವಾ, ಗಲೀನಾ ಪೆರೆಖೊದ್ಯುಕ್, ತತ್ಯಾನಾ ಬರ್ದಾಶೆವಾ, ಲ್ಯುದ್ಮಿಲಾ ಮಂಝಾರೊವಾ, ಇಲ್ಸಿಯಾರ್ ಮುಖಮೆದೊವಾ. ಓದುವ ಮುಂಚೆ ಉಚ್ಚಾರಣೆ ನಾಲ್ಕು ಸಲ ರೂಢಿ ಮಾಡಿಕೋ, ವೇದಿಕೆಯ ಮೇಲೆ ತಡವರಿಸಬಾರದು. ತಿದ್ದಿದ ಕರಡು ಕಳಿಸು, ನೋಡಿಕೊಡುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ