ಸಹಿ ಹಾಕುವ ಮುನ್ನ ಬೋರ್ಲೆಂಡ್‌ನ ಲೆಕ್ಕ ನೋಡು

ಚಿ. ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ನಿನ್ನ ಕೊನೆಯ ಸೀಸನ್ ಮುಗಿಯಿತು, ಏಜೆಂಟರ ಫೋನು ಶುರುವಾಗಿದೆ ಅಂತ ನಿಮ್ಮಮ್ಮ ಹೇಳಿದಳು. ಆಡಬೇಡ ಅನ್ನಲು ಈ ಕಾಗದ ಬರೆಯುತ್ತಿಲ್ಲ. ನೀನೂ ಲೈನ್‌ಬ್ಯಾಕರ್, ಅಂದರೆ ಎದುರಾಳಿಗೆ ಡಿಕ್ಕಿ ಹೊಡೆದು ತಡೆಯುವ ರಕ್ಷಣಾ ಆಟಗಾರ, ಆದ್ದರಿಂದ ಕ್ರಿಸ್ ಬೋರ್ಲೆಂಡ್‌ನ ಒಂದೇ ಸೀಸನ್ನಿನ ಲೆಕ್ಕವನ್ನು ಮೊದಲು ನೋಡು.

ವಿಸ್ಕಾನ್ಸಿನ್‌ನಲ್ಲಿ ಇತಿಹಾಸ ಓದಿದ ಹುಡುಗ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ, 2014ರ ಮೂರನೇ ಸುತ್ತಿನಲ್ಲಿ, 77ನೆಯವನಾಗಿ, ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಸೇರಿದ. ಆ ತಂಡದ ಹಿರಿಯ ಲೈನ್‌ಬ್ಯಾಕರ್ ಪ್ಯಾಟ್ರಿಕ್ ವಿಲ್ಲಿಸ್‌ನ ಕಾಲ್ಬೆರಳಿಗೆ ಪೆಟ್ಟಾದಾಗ ಇವನಿಗೆ ಜಾಗ ಸಿಕ್ಕಿತು. ಆಡಿದ್ದು 14 ಪಂದ್ಯ, ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ನೂರಕ್ಕೂ ಮೇಲೆ. ನ್ಯೂಯಾರ್ಕ್ ಜೈಂಟ್ಸ್ ಎದುರು ಒಂದೇ ಪಂದ್ಯದಲ್ಲಿ 2 ಇಂಟರ್‌ಸೆಪ್ಷನ್, ಅಂದರೆ ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಿಡಿದದ್ದು. ಮರುವರ್ಷ ಮಾರ್ಚ್‌ನಲ್ಲಿ, 24ನೇ ವಯಸ್ಸಿಗೆ, ಆಟ ಬಿಟ್ಟ.

ಕಾರಣ ತಲೆಪೆಟ್ಟು. 2014ರ ತರಬೇತಿ ಶಿಬಿರದಲ್ಲಿ ತಲೆಗೆ ಏಟು ಬಿದ್ದು ಮಂಕು ಕವಿದರೂ, ತಂಡದಲ್ಲಿ ಉಳಿಯಬೇಕೆಂದು ಆಡುತ್ತಲೇ ಇದ್ದ. ಹೊಸಬರೆಲ್ಲ ಎಡವುವುದು ಇಲ್ಲೇ. ಬೇಸಿಗೆಯಲ್ಲಿ 90 ಜನ ಇರುತ್ತಾರೆ, ಆಗಸ್ಟ್ ಕೊನೆಗೆ 53ಕ್ಕೆ ಇಳಿಸುತ್ತಾರೆ. ಬಾಯಿಬಿಟ್ಟರೆ ಜಾಗ ಹೋದೀತೆಂಬ ಭಯ. ಹೇಳದೆ ಆಡಿದರೆ ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬೀಳುತ್ತದೆ. ದಾಖಲೆಯಲ್ಲಿಲ್ಲದ ಗಾಯಕ್ಕೆ ಮುಂದೆ ಪರಿಹಾರ ಕೇಳುವುದೂ ಕಷ್ಟ. ಪೆಟ್ಟಾದ ಮೇಲೆ ಹೋಲಿಸಿ ನೋಡಲೆಂದು ಸೀಸನ್ನಿಗೆ ಮುಂಚೆ ಮಾಡುವ ಬೇಸ್‌ಲೈನ್ ಮೆದುಳಿನ ಪರೀಕ್ಷೆಯ ಪ್ರತಿ ಇಟ್ಟುಕೋ. ತಂಡದಿಂದ ಬಿಡುಗಡೆಯಾಗುವ ದಿನದ ವೈದ್ಯಕೀಯ ತಪಾಸಣೆಯಲ್ಲಿ ಸಣ್ಣ ನೋವನ್ನೂ ಬರೆಸು. ಪದೇ ಪದೇ ತಲೆಗೆ ಪೆಟ್ಟು ಬಿದ್ದು ಬರುವ ಸಿಟಿಇ ಎಂಬ ಮೆದುಳಿನ ರೋಗ ಇದೆಯೆಂದು ಖಚಿತವಾಗಿ ಗೊತ್ತಾಗುವುದು ಸತ್ತ ಮೇಲೆಯೇ, ಹಾಗಾಗಿ ಲಕ್ಷಣ ಕಂಡಾಗ ನೋಡೋಣ ಎಂಬ ಮಾತಿಗೆ ಅರ್ಥವಿಲ್ಲ.

ಅವನ ಧೈರ್ಯವನ್ನು ಬಹಳ ಜನ ಹೊಗಳಿದರು. ನನಗೆ ಮೆಚ್ಚುಗೆಯಾದದ್ದು, ಬಿಡುವುದಕ್ಕೆ ತೆರಬೇಕಾದ ಬೆಲೆಯನ್ನು ಅವನು ತೆತ್ತದ್ದು. ಕರಾರಿಗೆ ಸಹಿ ಹಾಕಿದ್ದಕ್ಕೆ ಸಿಕ್ಕ ಬೋನಸ್ 6,17,436 ಡಾಲರ್, ಕರಾರು 4 ವರ್ಷದ್ದು. ಅಂದರೆ ವರ್ಷಕ್ಕೆ 1,54,359. ಆಡಿದ್ದು ಒಂದು ವರ್ಷ. ಉಳಿದ ಮೂರರ ಪಾಲು 4,63,077 ಡಾಲರ್ ವಾಪಸ್ ಕೊಡಬೇಕಾಯಿತು. ಬೋನಸ್ ಬಂದ ತಿಂಗಳೇ ಅದನ್ನು ಕಾರು, ಮನೆಗೆ ಸುರಿದವನಿಗೆ ಹೀಗೆ ಎದ್ದು ಬರಲು ಆಗದು. ನಿನಗೆ ಎಷ್ಟೇ ಬರಲಿ, ಆಡಿ ಮುಗಿಸಿದ ವರ್ಷದ ಪಾಲನ್ನು ಮಾತ್ರ ನಿನ್ನದೆಂದು ಎಣಿಸು. ವಾಪಸ್ ಕೊಟ್ಟ ಪಾಲಿಗೆ ಮೊದಲೇ ಕಟ್ಟಿದ ತೆರಿಗೆ ತಾನಾಗಿ ಹಿಂದೆ ಬರುವುದಿಲ್ಲ, ಬೇರೆಯಾಗಿ ಕ್ಲೇಮ್ ಮಾಡಬೇಕು.

ಡ್ರಾಫ್ಟ್‌ನಲ್ಲಿ ಹೆಸರು ಬರದಿದ್ದರೆ ಕರಾರು 3 ವರ್ಷದ್ದು, ಬೋನಸ್ ಪುಡಿಗಾಸು. ಕರಾರಿನಲ್ಲಿ ಬರೆದ ಸಂಬಳ ನೋಡಿ ಹಿಗ್ಗಬೇಡ. ಖಾತರಿ ಇಲ್ಲದಿದ್ದರೆ ತೆಗೆದುಹಾಕಿದ ದಿನವೇ ಅದು ನಿಲ್ಲುತ್ತದೆ. ‘ಸ್ಪ್ಲಿಟ್’ ಕರಾರಾದರೆ ಗಾಯಾಳು ಪಟ್ಟಿ ಸೇರಿದ ಕೂಡಲೇ ಸಂಬಳ ಕಡಿಮೆಯಾಗುತ್ತದೆ. 53ರ ಪಟ್ಟಿಯ ಹೊರಗೆ ಅಭ್ಯಾಸಕ್ಕೆಂದು ಇಟ್ಟುಕೊಳ್ಳುವ ಪ್ರಾಕ್ಟೀಸ್ ಸ್ಕ್ವಾಡ್‌ಗೆ ವಾರದ ಕೂಲಿ ಉಂಟು, ಆದರೆ ಪಿಂಚಣಿಯ ಹಕ್ಕು ಪಡೆಯಲು ಆ ವಾರಗಳು ಲೆಕ್ಕಕ್ಕಿಲ್ಲ. ಪಿಂಚಣಿಗೆ 3 ಸೀಸನ್ ಬೇಕು, ಒಂದೊಂದರಲ್ಲೂ ಕನಿಷ್ಠ 3 ಪಂದ್ಯದ ಹೊತ್ತಿಗೆ ತಂಡದ ಪಟ್ಟಿಯಲ್ಲೋ ಗಾಯಾಳು ಪಟ್ಟಿಯಲ್ಲೋ ಇರಬೇಕು. ಅಷ್ಟು ಹೆಸರು ಮಾಡಿದ ಬೋರ್ಲೆಂಡ್‌ಗೂ ಲೆಕ್ಕಕ್ಕೆ ಸೇರಿದ್ದು ಒಂದೇ ಸೀಸನ್.

ಏಜೆಂಟನ ಕಮಿಷನ್ ಸಂಬಳದ ಮೇಲೆ 3%ಗಿಂತ ಹೆಚ್ಚಿಲ್ಲ, ಆಟಗಾರರ ಸಂಘದ ನಿಯಮವದು. ಡಿಗ್ರಿಗೆ ಬಾಕಿಯಿರುವ ಕ್ರೆಡಿಟ್ ಎಷ್ಟು ಅಂತ ಈ ವಾರವೇ ತಿಳಿಸು. ಕರಾರಿನ ಕರಡು ಬಂದರೆ ನನಗೂ ಕಳಿಸು, ಬೋನಸ್ ವಾಪಸಾತಿಯ ಷರತ್ತಿರುವ ಪುಟವನ್ನೇ ಮೊದಲು ಓದೋಣ.

ಇಂತಿ,
ನಿನ್ನ ಮಾವ