ಅಮ್ಮನ ಪ್ರವಾಸದ ಫೋಟೊಗಳನ್ನು ಉಳಿಸಿಕೊಟ್ಟವರಿಗೆ

ಹೆಸರು ಹೇಳದೆ ಹೋದ ನಿಮಗೆ ಮಕ್ಕಳು, ಮೊಮ್ಮಕ್ಕಳೆಲ್ಲರ ಮನಃಪೂರ್ವಕ ವಂದನೆ. ದೇಶ ಸುತ್ತಿದ ಅಮ್ಮನ ಫೋಟೊಗಳು ಹಳೆಯ ಅಂಟುಹಾಳೆಯ ಆಲ್ಬಮ್ಮಿಗೆ ಕಚ್ಚಿಕೊಂಡಿದ್ದವು. ಕೀಳಲು ಹೋದರೆ ಹರಿಯುತ್ತವೆ, ಮೊದಲು ಹಾಳೆಯಲ್ಲಿದ್ದಂತೆಯೇ 600 ಡಿಪಿಐನಲ್ಲಿ (ಒಂದು ಅಂಗುಲಕ್ಕೆ 600 ಚುಕ್ಕಿಗಳಷ್ಟು ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿ ಎಂದಿರಿ. ಆಮೇಲೆ ಮೇಣವಿಲ್ಲದ ಡೆಂಟಲ್ ಫ್ಲಾಸ್ (ಹಲ್ಲಿನ ಸಂದು ಶುಚಿ ಮಾಡುವ) ದಾರವನ್ನು ಫೋಟೊದ ಮೂಲೆಯಿಂದ ಅಡಿಗೆ ತೂರಿಸಿ, ಗರಗಸದಂತೆ ಮೆಲ್ಲಗೆ ಎಳೆದು ಬಿಡಿಸಿಕೊಟ್ಟಿರಿ. ಎಷ್ಟು ತಾಳ್ಮೆ ನಿಮ್ಮದು! ಅದಕ್ಕೂ ಬಿಡದ ಫೋಟೊಗೆ ಹಾಳೆಯ ಹಿಂಬದಿಯಿಂದ ಹೇರ್ ಡ್ರೈಯರ್‌ನ ಕಡಿಮೆ ಬಿಸಿ, ಕೆಲವೇ ಸೆಕೆಂಡು, ಹೆಚ್ಚಾದರೆ ಮುರುಟುತ್ತದೆ ಎಂದಿರಿ. ಫೋಟೊದ ಬೆನ್ನಿಗೆ ಬರೆಯಲು ಬಾಲ್‌ಪೆನ್ ಬೇಡ, ಒತ್ತು ಮುಂಬದಿಯಲ್ಲಿ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ನುಣುಪು ಕಾಗದಕ್ಕೆ ಪೆನ್ಸಿಲ್ ಹಿಡಿಯದಿದ್ದರೆ ಅದನ್ನಿಡುವ ಲಕೋಟೆಯ ಮೇಲೆ ಬರೆಯಬೇಕು ಎಂದೂ ತಿಳಿಸಿದಿರಿ. ಪಾಸ್‌ಪೋರ್ಟಿನಲ್ಲಿ ದೇಶಗಳ ಮುದ್ರೆಗಳು ಪುಟದ ಕ್ರಮದಲ್ಲಿರುವುದಿಲ್ಲ, ಮುದ್ರೆಯ ತಾರೀಖು ನೋಡಿಯೇ ಪ್ರವಾಸದ ಕ್ರಮ ಜೋಡಿಸಿ ಎಂದು ನೀವು ಹೇಳಿದ್ದರಿಂದ ಅಜ್ಜಿ ಯಾವ ದೇಶದಿಂದ ಯಾವ ದೇಶಕ್ಕೆ ಹೋದರೆಂಬುದು ಮೊಮ್ಮಕ್ಕಳಿಗೆ ಸರಿಯಾಗಿ ತಿಳಿಯಿತು.